ಅಫ್ಸರ್ ಬೇಗಂ ಆರಿಸಿದ ಕೆಂಪು ಹರಳು

ಶಿಕಾರಿಪುರದ ಕಡೆ ಆಗಿನ ಕಾಲಕ್ಕೆ ಕೈತುಂಬ ಬಳೆ ಬೇಕು ಅಂದರೆ ಖುರ್ಷೀದ್ ಬೀ ಬರಬೇಕು. ಹೆಗಲಿಗೆ ಬಳೆಯ ಮಲಾರ ಏರಿಸಿ ಹೊರಟಳೆಂದರೆ ಸೊರಬದ ಬಸ್ಸು ಹತ್ತಿ, ಜಡೆ, ಹೊಸಬಾಳೆ ಅಂತ ಊರೂರು ಸುತ್ತಿ, ಬಳೆ ಖಾಲಿ ಮಾಡಿಕೊಂಡು ಸುದ್ದಿ ತುಂಬಿಸಿಕೊಂಡು ಬರುವ ಗಟ್ಟಿಗಿತ್ತಿ. ಅವಳ ಹಿಂದೆ ಇನ್ನೊಂದು ಮಲಾರ ಹೊತ್ತು ನಡೆಯುತ್ತಿದ್ದವಳು ಮಗಳು ಅಫ್ಸರ್ ಬೇಗಂ. ಮಗಳ ಗಂಡ ಹಬೀಬುಲ್ಲಾ ಲಾರಿ ಡ್ರೈವರು. ಮನೆಯಲ್ಲಿದ್ದ ದಿನಕ್ಕಿಂತ ರಸ್ತೆಯಲ್ಲಿದ್ದ ದಿನವೇ ಜಾಸ್ತಿ, ಹಾಗಾಗಿ ಅಫ್ಸರ್ ತಾಯಿಯ ಜೊತೆಯಲ್ಲೇ ಇದ್ದಳು.

ಅಫ್ಸರ್ ಬೇಗಂಗೆ ಒಂದು ಕೈಗುಣ ಇತ್ತು. ಎಂಥ ಬಿರುಸು ಕೈಯೇ ಇರಲಿ, ಹೆಬ್ಬೆರಳಿನ ಬುಡ ಮೆಲ್ಲಗೆ ಒತ್ತಿ, ಅದೂ ಇದೂ ಮಾತಾಡಿಸುತ್ತಾ ಬಳೆ ಏರಿಸಿದರೆ, ಏರಿದ್ದೇ ಗೊತ್ತಾಗುತ್ತಿರಲಿಲ್ಲ. ಆದರೆ ವ್ಯಾಪಾರ? ದೇವರೇ ಕಾಪಾಡಬೇಕು! ‘ಈ ಬಣ್ಣ ನಿಮಗೆ ಒಪ್ಪಲ್ಲ ಅಕ್ಕಾ’, ‘ಇದು ಬಣ್ಣ ಬಿಡ್ತದೆ, ತಗೋಬೇಡ್ರಿ’ ಅಂತ ಗಿರಾಕಿಯ ಮುಖಕ್ಕೇ ಹೇಳಿಬಿಡೋಳು. ಖುರ್ಷೀದ್ ಬೀಗೆ ಪಕ್ಕದಲ್ಲೇ ಕೂತು ಮಗಳ ತೊಡೆ ಚಿವುಟೋದೂ ಒಂದು ಅಭ್ಯಾಸವೇ ಆಗಿಹೋಗಿತ್ತು. ಚೌಕಾಸಿ ಅಂದರೆ ಅಫ್ಸರ್‌ಗೆ ಆಗಿಬರುತ್ತಿರಲಿಲ್ಲ. ಕೈ ಮುಟ್ಟೋದು ಇಷ್ಟ, ಕಾಸು ಕೇಳೋದು ಕಷ್ಟ. ಹೀಗೇ ಅವಳಿಗೆ ಮೂವತ್ತು ವರ್ಷ ದಾಟಿತ್ತು.

ಎಪ್ಪತ್ತೆಂಟನೆಯ ಇಸವಿ ಇರಬೇಕು. ಶಿರಾಳಕೊಪ್ಪ ರಸ್ತೆಯಲ್ಲಿ ನಾಗರಾಜಪ್ಪನವರದೊಂದು ವರ್ಕ್‌ಶಾಪು. ಮೊದಲು ಗಾಡಿ ಗಾಲಿ, ನೇಗಿಲು ಅಂತ ಮಾಡಿಕೊಂಡಿದ್ದವರು, ಅಂಜನಾಪುರದ ನೀರಿನ ಬಯಲಲ್ಲಿ ಪಂಪ್‌ಸೆಟ್ಟು ಜಾಸ್ತಿ ಆದಮೇಲೆ ಪಂಪಿನ ಬುಷ್ ಮಾಡೋಕೆ ಶುರು ಮಾಡಿದ್ದರು. ಬುಷ್ ಅಂದರೆ ಏನಿಲ್ಲ, ಪಂಪಿನ ಶಾಫ್ಟು ತಿರುಗೋಕೆ ಒಳಗೆ ಕೂಡಿಸೋ ಕಂಚಿನ ಬಳೆ. ಹುಬ್ಬಳ್ಳಿ ಕಡೆಯ ಒಂದು ಪಂಪಿನ ಕಂಪನಿಯವರು ದೊಡ್ಡ ಆರ್ಡರನ್ನೇ ಕೊಟ್ಟರು. ಜೊತೆಗೆ ಒಂದು ಷರತ್ತು. ಪ್ರತಿ ಬುಷ್ಷೂ ಅಳೆದು ಕಳಿಸಬೇಕು, ಕೂದಲಿನ ದಪ್ಪದಲ್ಲಿ ಹತ್ತರಲ್ಲೊಂದು ಪಾಲು ತಪ್ಪಿದರೂ ವಾಪಸ್ಸು.

ನಾಗರಾಜಪ್ಪ ಹಿಂದೆ ಮುಂದೆ ನೋಡೋ ಪೈಕಿ ಅಲ್ಲ. ಬೆಂಗಳೂರಲ್ಲಿ ಮುಚ್ಚಿಹೋದ ಯಾವುದೋ ಕಾರ್ಖಾನೆಯಿಂದ ಹಳೆಯ ಅಳತೆ ಮಿಷನ್ನೊಂದನ್ನ ಅಗ್ಗಕ್ಕೆ ಹೊಡಕೊಂಡು ಬಂದರು. ನೋಡೋಕೆ ಏನದು, ಒಂದು ಕರಿಕಲ್ಲಿನ ಹಾಸು, ಅದರ ಮೇಲೆ ಆ ಕಡೆ ಈ ಕಡೆ, ಹಿಂದೆ ಮುಂದೆ, ಮೇಲೆ ಕೆಳಗೆ ಓಡಾಡೋ ಒಂದು ತೋಳು. ತೋಳಿನ ತುದಿಗೊಂದು ಕಡ್ಡಿ, ಕಡ್ಡಿಯ ತುದಿಗೊಂದು ಪುಟ್ಟ ಗುಂಡು. ಆ ಗುಂಡು ಸಾಮಾನಿಗೆ ಮುಟ್ಟಿದ ಕೂಡಲೇ ಒಂದು ದೀಪ ಮಿಣುಕ್ ಅಂತದೆ, ಪಕ್ಕದ ಡಬ್ಬಿಯಲ್ಲಿ ಅಂಕಿ ಬೀಳ್ತದೆ. ಇಲ್ಲಿ ಮುಟ್ಟಿಸಿ, ಎದುರಿಗೆ ಅಲ್ಲಿ ಮುಟ್ಟಿಸಿ, ತೂತು ಎಷ್ಟು ಅಗಲ, ಗುಂಡಗಿದೆಯೋ ಸೊಟ್ಟಗಿದೆಯೋ ಎಲ್ಲ ಹೇಳ್ತದೆ. ಕಡ್ಡಿಗೆ ಪ್ರೋಬು ಅಂತ ಹೆಸರು.

ಬಂದ ವಾರದಲ್ಲೇ ಟರ್ನರ್ ಹುಲಿಯಪ್ಪ ಅದನ್ನ ಮುರಿದ. ಲೋಹ ಕಡೆಯೋ ಲೇತಿನ ಮೇಲೆ ಹುಲಿಯಪ್ಪನ ಕೈ ಬಂಗಾರ. ಆದರೆ ಅದು ಚಕ್ರ ತಿರುವೋ ಕೈ, ಕಬ್ಬಿಣದ ಜೊತೆ ಕುಸ್ತಿ ಆಡೋ ಕೈ. ತೋಳು ಹಿಡಿದು ಬುಷ್ಷಿನೊಳಕ್ಕೆ ಇಳಿಸಿದ, ಟಕ್ ಅಂತು, ಕಡ್ಡಿ ಎರಡು ತುಂಡು.

‘ಇದೇನ್ ಸಾವ್ಕಾರ್ರೇ, ಇಷ್ಟು ನಾಜೂಕಿಂದು ತಂದೀರಿ! ಇದಕ್ಕೆ ಮದುಮಗಳ ಕೈ ಬೇಕು, ನಂದಲ್ಲ’ ಅಂದ.

ನಾಗರಾಜಪ್ಪನ ತಲೆ ಕೆಟ್ಟು ಗೊಬ್ಬರ. ಮನೆಗೆ ಹೋದರೆ ಪಡಸಾಲೆಯಲ್ಲಿ ಅವರ ತಾಯಿ ವೀರಮ್ಮ ಬಳೆ ಇಡಿಸಿಕೊಳ್ಳುತ್ತಿದ್ದಾರೆ. ವಾಯುವಿಂದ ಗೆಣ್ಣು ಗೆಣ್ಣು ಊದಿದ ಕೈ. ಬಳೆ ಅಂದರೆ ಆಸೆ, ಕೈ ಮುಟ್ಟಿದರೆ ಪ್ರಾಣ ಹೋಗೋ ನೋವು. ಎದುರಿಗೆ ಅಫ್ಸರ್ ಕೂತು ಜಡೆಯ ಮದುವೆಯೊಂದರ ಊಟದ ಕತೆ ಹೇಳುತ್ತಿದ್ದಾಳೆ, ವೀರಮ್ಮ ಬಿದ್ದು ಬಿದ್ದು ನಗುತ್ತಿದ್ದಾರೆ, ನಗುತ್ತಿದ್ದ ಹಾಗೇ ಹಸಿರು ಬಳೆಗಳು ಒಂದೊಂದೇ ಏರಿ ಕೂತವು. ನಾಗರಾಜಪ್ಪ ಬಾಗಿಲಲ್ಲೇ ನಿಂತು ನೋಡಿದರು. ಊಟ ಮಾಡೋದೂ ಮರೆತು, ಪಕ್ಕದಲ್ಲಿ ಮಲಾರ ಬಿಚ್ಚಿ ಕೂತಿದ್ದ ಖುರ್ಷೀದ್ ಬೀಯನ್ನ ಕೇಳಿದರು.

‘ಖುರ್ಷೀದ್ ಬೀ, ನಿನ್ನ ಮಗಳನ್ನ ನಮ್ಮ ಮಿಷನ್ನಿಗೆ ಕಳಸ್ತೀಯೇನು?’

‘ಹಾಂ? ಮಿಷನ್ನಿಗೆ ಬಳೆ ಇಡಸ್ಬೇಕಾ?’ ಅಂದಳು ಖುರ್ಷೀದ್ ಬೀ.

ನಗು ಆಯಿತು, ಮಾತೂ ಆಯಿತು. ಖುರ್ಷೀದ್ ಬೀಗೆ ಒಳಗೊಳಗೇ ಸಿಟ್ಟು. ತನ್ನ ಮಲಾರಕ್ಕೆ ವಾರಸುದಾರಳು ಇವಳೊಬ್ಬಳೇ. ಕೊನೆಗೆ ಮಗಳ ಮುಖ ನೋಡಿ ಒಪ್ಪಿದಳು. ಒಪ್ಪಿದ್ದೂ ಹೇಗೆ? ‘ಈ ಹುಬ್ಬಳ್ಳಿ ಲೋಡು ಹೋಗೋ ತನಕ ನೋಡ್ತೀನಿ ಬೇಟಾ. ಅಲ್ಲಿ ನಿಂದೇ ಅಂತ ಒಂದು ಜಾಗ ಆಯ್ತು ಅನ್ನು, ಇರು. ಇಲ್ಲ ಅಂದ್ರೆ ಬಾಯಿ ಮುಚ್ಕೊಂಡು ಮಲಾರ ಹೊರೋಕೆ ಬಾ.’

ಅಫ್ಸರ್ ಮಿಷನ್ನಿನ ಮುಂದಿನ ಸ್ಟೂಲಿನ ಮೇಲೆ ಕೂತಳು ನೋಡಿ, ಅಲ್ಲಾ, ಆ ಸುಖ ಏನು ಹೇಳೋದು! ಇಲ್ಲಿ ಯಾರೂ ಚೌಕಾಸಿ ಮಾಡಲ್ಲ. ಬುಷ್ಷು ‘ಎರಡಾಣೆ ಕಡಿಮೆ ಮಾಡು’ ಅನ್ನಲ್ಲ. ಇದ್ದದ್ದನ್ನ ಇದ್ದ ಹಾಗೆ ಹೇಳೋದೇ ಕೆಲಸ, ಅವಳ ನಾಲಿಗೆಗೂ ಬರ್ತಿದ್ದದ್ದು ಅದೊಂದೇ. ಮೂವತ್ತು ವರ್ಷ ಎಲ್ಲಿ ಹಾಳಾಗಿ ಹೋಗಿದ್ದೆನೋ ಅಂತ ಅವಳಿಗೆ ಅನ್ನಿಸಿಬಿಟ್ಟಿತು.

ಮುರಿದದ್ದರ ಬದಲಿಗೆ ಹೊಸ ಪ್ರೋಬು ಬೇಕಿತ್ತಲ್ಲ, ಅವಳು ಕೂತ ಮೊದಲ ದಿನವೇ ಬೆಂಗಳೂರಿಂದ ಗೋಪಾಲಪ್ಪ ಅನ್ನೋ ಏಜೆಂಟು ಬಂದ. ಮಖಮಲ್ಲಿನ ಪೆಟ್ಟಿಗೆ ಬಿಚ್ಚಿ ಮೂರು ಕಡ್ಡಿ ಇಟ್ಟ. ಒಂದಕ್ಕೆ ಉಕ್ಕಿನ ಗುಂಡು. ಇನ್ನೊಂದು ಉದ್ದಕ್ಕೆ ಸಪೂರ, ತುದಿಗೆ ಸಾಸಿವೆಯಷ್ಟು ಕೆಂಪು ಹರಳು. ಮೂರನೆಯದು ಗಿಡ್ಡ, ದಪ್ಪ, ನೋಡೋಕೆ ಏನೂ ಚೆಂದ ಇಲ್ಲ, ತುದಿಗೆ ಮೆಣಸಿನ ಕಾಳಿನಷ್ಟು ಕೆಂಪು ಹರಳು. ಮಾಣಿಕ್ಯವೇ ಅದು, ಕಾರ್ಖಾನೆಯಲ್ಲಿ ಮಾಡಿದ ಮಾಣಿಕ್ಯ.

‘ಉಕ್ಕಿಗಿಂತ ಗಟ್ಟಿ ಯಾವುದೈತ್ರೀ, ಅದನ್ನೇ ತಗೋರಿ’ ಅಂತ ಹುಲಿಯಪ್ಪ. ನಾಗರಾಜಪ್ಪನ ಕಣ್ಣು ಉದ್ದನೆಯ ಸಪೂರದ ಮೇಲೆ. ಎಂಥ ಆಳದ ತೂತಿಗಾದರೂ ಹೋಗ್ತದೆ, ನೋಡೋಕೂ ಲಕ್ಷಣ.

‘ಒಂದು ದಿನ ಮೂರನ್ನೂ ಮುಟ್ಟಿಸಿ ನೋಡ್ಲಾ?’ ಅಂದಳು ಅಫ್ಸರ್.

ಗೋಪಾಲಪ್ಪ ಒಳ್ಳೆ ಮನುಷ್ಯ, ಕೆಲಸವೂ ಗೊತ್ತಿತ್ತು. ‘ಧಾರಾಳವಾಗಿ ನೋಡಮ್ಮ’ ಅಂತ ತಾನೇ ಪಕ್ಕಕ್ಕೆ ಕೂತು ಹೇಳಿಕೊಟ್ಟ. ಮಿಷನ್ನಿನ ಜೊತೆ ಒಂದು ಉಕ್ಕಿನ ಉಂಗುರ ಬಂದಿತ್ತು, ಅದರ ಅಳತೆ ಎಂದೂ ಬದಲಾಗಲ್ಲ. ಅದಕ್ಕೇ ಮುಟ್ಟಿಸು, ಮತ್ತೆ ಮುಟ್ಟಿಸು, ಪ್ರತಿ ಸಲ ಒಂದೇ ಅಂಕಿ ಬಂದರೆ ಕಡ್ಡಿ ಪ್ರಾಮಾಣಿಕ ಅಂತ. ಉದ್ದನೆಯದು ಮುಟ್ಟಿದಾಗಲೆಲ್ಲ ಒಂಚೂರು ಬಳುಕಿತು, ಕೊನೆಯ ಅಂಕಿ ಕುಣಿಯಿತು. ಉಕ್ಕಿನದು ಬೆಳಿಗ್ಗೆ ಸರಿಯಾಗಿತ್ತು. ಮಧ್ಯಾಹ್ನದವರೆಗೆ ಒರಟು ಬುಷ್ಷುಗಳಿಗೆ ಮುಟ್ಟಿಸಿ ಮುಟ್ಟಿಸಿ ನೋಡಿದರೆ ಗುಂಡಿನ ಮೈಗೆ ಕಂಚು ಮೆತ್ತಿ ಹಳದಿ ತಿರುಗಿತ್ತು, ಅಂಕಿಯೂ ಜಾರಿತ್ತು. ಗಿಡ್ಡ ಮಾಣಿಕ್ಯ ಮಾತ್ರ ಬೆಳಿಗ್ಗೆ ಹೇಳಿದ್ದನ್ನೇ ಸಂಜೆಯೂ ಹೇಳಿತು.

ಅಫ್ಸರ್ ಅಷ್ಟಕ್ಕೇ ಬಿಡಲಿಲ್ಲ. ಬಳೆ ಕೊಳ್ಳೋವಾಗ ಅವಳ ತಾಯಿ ಕೇಳುತ್ತಿದ್ದ ಪ್ರಶ್ನೆಯನ್ನೇ ಕೇಳಿದಳು. ‘ಸಾಹೇಬ್ರೇ, ಇದು ಮುರಿದ್ರೆ ಎಲ್ಲಿ ಮುರೀತದೆ?’

‘ಮಾರೋಕೆ ಬಂದೋನ ಹತ್ರ ಮುರಿಯೋ ಮಾತಾ!’ ಅಂತ ಗೋಪಾಲಪ್ಪ ನಕ್ಕುಬಿಟ್ಟ. ಆಮೇಲೆ ತೋರಿಸಿದ. ಗಿಡ್ಡದರ ಕುತ್ತಿಗೆ ಹತ್ತಿರ ಬೇಕಂತಲೇ ಒಂದು ಕಡೆ ಸಣ್ಣಗೆ ಮಾಡಿದ್ದಾರೆ. ಜೋರಾಗಿ ತಾಗಿದರೆ ಅಲ್ಲೇ ಮುರಿದು, ಮೇಲಿನ ಮಂಡೆ, ಅಂದರೆ ಕಡ್ಡಿ ಸಿಕ್ಕಿಸೋ ದುಬಾರಿ ಭಾಗ, ಉಳೀತದೆ. ಕಡ್ಡಿ ಮಾತ್ರ ಬದಲಾಯಿಸಿದರೆ ಸಾಕು.

‘ಇದೇ ಇರ್ಲಿ ಸಾವ್ಕಾರ್ರೇ’ ಅಂದಳು ಅಫ್ಸರ್.

ಮೂರರಲ್ಲಿ ಅದೇ ದುಬಾರಿ. ನಾಗರಾಜಪ್ಪ ಗಲ್ಲ ಕೆರೆದುಕೊಂಡರು. ‘ನಿನ್ನ ಮಾತಿನ ಮೇಲೆ ತಗೊಳ್ತಿದೀನಿ ನೋಡವ್ವಾ. ಬಾಳಿಕೆ ಬರ್ಲಿಲ್ಲ ಅಂದ್ರೆ ಗೋಪಾಲಪ್ಪನ್ನ ಕೇಳಲ್ಲ, ನಿನ್ನ ಕೇಳ್ತೀನಿ.’

‘ಕೇಳ್ರಿ’ ಅಂದಳು. ಅಂದಳೇನೋ ಸರಿ, ಆ ಕಡ್ಡಿಯ ಬೆಲೆಗೆ ಎಷ್ಟು ಡಜನ್ ಬಳೆ ಮಾರಬೇಕು ಅಂತ ಮನೆಗೆ ಹೋಗೋ ದಾರಿಯುದ್ದಕ್ಕೂ ಲೆಕ್ಕ ಹಾಕಿದಳು.

ತಿಂಗಳೊಪ್ಪತ್ತು ಹಾಲು ಸಕ್ಕರೆ. ಹುಲಿಯಪ್ಪ ಕೊರೆದು ಕೊಡೋದು, ಅಫ್ಸರ್ ಮುಟ್ಟಿ ನೋಡೋದು, ಸರಿಯಿದ್ದದ್ದು ಪೆಟ್ಟಿಗೆಗೆ. ಅಷ್ಟರಲ್ಲಿ ಆಯುಧ ಪೂಜೆ ಬಂತು. ವರ್ಕ್‌ಶಾಪು ತೊಳೆದು ಬಳಿದು, ಲೇತಿಗೆಲ್ಲ ಚೆಂಡುಹೂವಿನ ಮಾಲೆ. ವೀರಮ್ಮನವರು ವಿಭೂತಿ, ಎಣ್ಣೆಯಲ್ಲಿ ಕಲಸಿದ ಕುಂಕುಮ, ಎಲ್ಲ ತಟ್ಟೆಯಲ್ಲಿಟ್ಟುಕೊಂಡು ತಾವೇ ಬಂದರು. ಅಫ್ಸರ್ ಅವರ ಕೈ ಹಿಡಿದು ಒಂದೊಂದೇ ತೋರಿಸಿದಳು. ತನ್ನ ಮಿಷನ್ನಿನ ಹತ್ತಿರ ಬಂದಾಗ ಎದೆ ಉಬ್ಬಿ ಬಂತು.

‘ನೋಡ್ರಿ ಅಮ್ಮಾರೇ, ಇಡೀ ಮಿಷನ್ನಿಗೆ ಇದೇ ಬೆರಳು. ಉಳಿದದ್ದೆಲ್ಲ ಬರೀ ಮೈ. ಇದು ಮುಟ್ಟಿ ಹೇಳಿದ್ದೇ ಮಾತು!’

‘ಹೌದೇನೇ ಬೇಗಮ್ಮಾ! ಇಷ್ಟೇ ಇಷ್ಟು ಇದ್ಕೊಂಡು!’ ಅಂತ ವೀರಮ್ಮ ಬಾಯಿ ಮೇಲೆ ಕೈ ಇಟ್ಟುಕೊಂಡರು.

ಪೂಜೆಗೆ ಇನ್ನೂ ಹೊತ್ತಿತ್ತು. ಅಫ್ಸರ್ ಮಡಿಲಿಗೆ ಮಂಡಕ್ಕಿ, ತೆಂಗಿನಕಾಯಿ ಹಾಕಿಸಿಕೊಂಡು ಮನೆಗೆ ಹೋದಳು. ಹಬ್ಬ ಮುಗಿಸಿ ಬಂದಾಗ ಕರಿಕಲ್ಲಿನ ಮೇಲಿನ ವಿಭೂತಿ ಒರೆಸಿದಳು, ಹೂವು ತೆಗೆದಳು, ತೋಳಿಗೆಲ್ಲ ಬಟ್ಟೆ ಆಡಿಸಿದಳು. ಕೆಂಪು ಹರಳು ಕೆಂಪಗೇ ಇತ್ತು. ಕೆಲಸಕ್ಕೆ ಕೂತಳು.

ಮೊದಲನೇ ಬುಷ್ಷಿನ ತೂತು ಚಿಕ್ಕದು ಬಂತು. ಎರಡನೆಯದೂ ಚಿಕ್ಕದು. ಮೂರನೆಯದೂ!

‘ಹುಲಿಯಪ್ಪಣ್ಣ, ಹಬ್ಬದ ಹೋಳಿಗೆ ಇನ್ನೂ ಇಳಿದಿಲ್ವೇನು? ಎಲ್ಲ ಬಿಗಿ ಬಂದಿದಾವೆ.’

ಹುಲಿಯಪ್ಪ ಕೆರಳಿದ. ‘ನನ್ನ ಲೇತು ಹೋಳಿಗೆ ತಿನ್ನಲ್ಲವ್ವಾ! ನಿನ್ನ ಕಡ್ಡೀನೇ ಕೇಳು. ಆ ಉಂಗುರಕ್ಕೆ ಮುಟ್ಟಿಸು, ನೋಡಾಣ.’

ಮುಟ್ಟಿಸಿದಳು. ಎಂದೂ ಬದಲಾಗದ ಉಂಗುರವೇ ಚಿಕ್ಕದಾಗಿತ್ತು! ಮತ್ತೆ ಮುಟ್ಟಿಸಿದಳು, ಬೇರೆಯದೇ ಅಂಕಿ. ಒಂದು ಬಿಳಿ ಬಟ್ಟೆ ತಗೊಂಡು ಹರಳನ್ನ ಮೆಲ್ಲಗೆ ಒರೆಸಿದಳು. ಬಟ್ಟೆಯ ಮೇಲೆ ಕೆಂಪು ಗೀಟು.

ಯಾ ಅಲ್ಲಾ! ಹರಳು ಬಣ್ಣ ಬಿಡ್ತಾ ಇದೆ!

ಬೇರೆ ಯಾರಾದರೂ ಆಗಿದ್ದರೆ ಇನ್ನೊಮ್ಮೆ ತಿಕ್ಕಿ ನೋಡುತ್ತಿದ್ದರೋ ಏನೋ. ಆದರೆ ಬಳೆಗಾರ್ತಿಯ ಮಗಳು ಇವಳು. ಬಣ್ಣ ಹಾಕಿದ ಕಳ್ಳ ಮಾಲು ಮೊದಲು ಹೀಗೇ ಬಟ್ಟೆಗೆ ಹತ್ತೋದು, ಇನ್ನಷ್ಟು ತಿಕ್ಕಿದರೆ ಪೂರ್ತಿ ಬೋಳಾಗೋದು ಅಂತ ಹುಟ್ಟಿದಾಗಿಂದ ನೋಡಿದವಳು. ಉಳಿದ ಬಣ್ಣವೂ ಹೋದೀತು ಅಂತ ಹೆದರಿ ಬಟ್ಟೆಯನ್ನ ಅಲ್ಲೇ ಬಿಟ್ಟಳು. ಮಾಣಿಕ್ಯ ಅಂತ ಗಾಜು ಕೊಟ್ಟು ಹೋದ ಆ ಗೋಪಾಲಪ್ಪ! ನಾನೂ ಬಾಯಿ ಬಿಟ್ಟುಕೊಂಡು ನಂಬಿದೆ! ಬಣ್ಣ ಬಿಡೋ ಮಾಲು ಯಾವುದು ಅಂತ ಊರಿಗೆಲ್ಲ ಹೇಳಿದವಳು ನಾನೇ ಮೋಸ ಹೋದೆನಲ್ಲ ಅಂತ ಅಳು ಉಕ್ಕಿ ಬಂತು. ಲೋಡು ಒಯ್ಯೋಕೆ ಲಾರಿ ಬರೋ ದಿನ ಹತ್ತಿರದಲ್ಲೇ ಇತ್ತು. ಸುಮ್ಮನಿದ್ದು, ಬುಷ್ಷುಗಳನ್ನ ಅಂದಾಜಿನ ಮೇಲೆ ಪೆಟ್ಟಿಗೆಗೆ ಹಾಕಿದರೆ ಯಾರಿಗೂ ಗೊತ್ತಾಗಲ್ಲ, ಸ್ಟೂಲೂ ಉಳೀತದೆ. ಹಾಗಂತ ಒಂದು ಗಳಿಗೆ ಅನ್ನಿಸಿದ್ದೂ ನಿಜ. ಆದರೆ ಅಂದಾಜು ಹೇಳೋಕೆ ಆಗಿದ್ದರೆ ಅವಳು ಮಲಾರದ ಹತ್ತಿರವೇ ಇರುತ್ತಿದ್ದಳು. ಸೀದಾ ಎದ್ದು ಹೋಗಿ ನಾಗರಾಜಪ್ಪನ ಮುಂದೆ ನಿಂತಳು.

‘ಸಾವ್ಕಾರ್ರೇ, ನಾನು ಆರಿಸಿದ್ದು ಸುಳ್ಳು ಹರಳು. ಬಣ್ಣ ಬಿಡ್ತಾ ಇದೆ. ಹಬ್ಬದಿಂದೀಚೆಗೆ ಅಳೆದದ್ದೊಂದನ್ನೂ ಕಳಿಸಬೇಡ್ರಿ. ನನ್ನ ಕೇಳ್ತೀನಿ ಅಂದಿದ್ರಲ್ಲ, ಕೇಳ್ರಿ.’

ನಾಗರಾಜಪ್ಪ ಏನೂ ಕೇಳಲಿಲ್ಲ. ಅದೇ ಅವಳಿಗೆ ಜಾಸ್ತಿ ಉರಿಯಿತು. ಅವರು ಪೋಸ್ಟಾಫೀಸಿಗೆ ಹೋಗಿ ಬೆಂಗಳೂರಿಗೆ ಟ್ರಂಕ್ ಕಾಲ್ ಹಚ್ಚಿ ಗೋಪಾಲಪ್ಪನಿಗೆ ಬೈದ ಬೈಗುಳ ಪೇಟೆಯ ಅರ್ಧ ಜನಕ್ಕೆ ಕೇಳಿಸಿತಂತೆ. ಸುದ್ದಿ ಕೇಳಿ ಖುರ್ಷೀದ್ ಬೀ ಮಗಳ ಮಲಾರದ ಧೂಳು ಹೊಡೆದು ಗೋಡೆಗೆ ಒರಗಿಸಿ ಇಟ್ಟಳು. ಅದನ್ನ ನೋಡಿ ಅಫ್ಸರ್ ಅನ್ನ ಬಿಟ್ಟು ಎದ್ದಳು.

ಮರುದಿನದ ಬಸ್ಸಿಗೇ ಗೋಪಾಲಪ್ಪ ಇಳಿದ. ಮುಖ ಕೆಂಡ. ‘ಇಷ್ಟು ವರ್ಷದಲ್ಲಿ ಮಾಣಿಕ್ಯ ಬಣ್ಣ ಬಿಡ್ತು ಅಂತ ನಾನು ಕೇಳಿಲ್ಲ ಕಣ್ರೀ! ರಕ್ತ ಬಿಡ್ತು ಅನ್ನಿ, ನಂಬ್ತೀನಿ!’ ಅಂತ ಕೂಗಾಡುತ್ತಾ ಒಳಗೆ ಬಂದು, ಕರವಸ್ತ್ರ ತೆಗೆದು ಹರಳು ಒರೆಸಿದ. ಕರವಸ್ತ್ರ ಕೆಂಪಾಯಿತು. ಪಾಪ, ಅವನ ಬಾಯಿ ಹಾಗೇ ತೆರೆದುಕೊಂಡಿತು. ಹುಲಿಯಪ್ಪ, ನಾಗರಾಜಪ್ಪ, ಅಫ್ಸರ್ ಎಲ್ಲ ಆ ಕರವಸ್ತ್ರದ ಸುತ್ತ ಹೆಣದ ಸುತ್ತ ನಿಂತ ಹಾಗೆ ನಿಂತರು.

ಆ ಹೊತ್ತಿಗೆ ಮಗನ ಬುತ್ತಿ ಹಿಡಿದುಕೊಂಡು ವೀರಮ್ಮ ಬಂದರು. ಖುರ್ಷೀದ್ ಬೀಯೂ ಜೊತೆಗಿದ್ದಳು, ಮಗಳನ್ನ ಕರೆದೊಯ್ಯೋಕೆ ಅಂತಲೇ ಬಂದಿದ್ದಳು.

‘ಏನ್ರೋ ಅದು, ಎಲ್ಲರ ಮುಖ ಹಿಂಗ್ಯಾಕೆ?’

‘ನೋಡವ್ವ, ಕಲ್ಲು ಬಣ್ಣ ಬಿಡ್ತೈತಿ’ ಅಂತ ನಾಗರಾಜಪ್ಪ ಕರವಸ್ತ್ರ ತೋರಿಸಿದರು.

ವೀರಮ್ಮ ಅದನ್ನ ಕಣ್ಣ ಹತ್ತಿರ ಹಿಡಿದು ನೋಡಿದರು. ಮೂಸಿದರು. ‘ಬಣ್ಣ ಎಲ್ಲಿ ಬಂತೋ, ನನ್ನ ಕುಂಕುಮ ಇದು! ಎಣ್ಣೆ ನಾನೇ ಬೆರೆಸಿದ್ದು, ಗೊತ್ತಾಗಲ್ವಾ? ಬೇಗಮ್ಮ ಇದೇ ಬೆರಳು ಅಂದಳಲ್ಲ, ಉಳಿದವಕ್ಕೆಲ್ಲ ಒಂದು ಬೊಟ್ಟು ಇಟ್ಟರೆ ಇದಕ್ಕೆ ಸುತ್ತಲೂ ಚೆನ್ನಾಗಿ ಹಚ್ಚಿದೆ. ಬೆರಳಿಗೆ ಕಡಿಮೆ ಮಾಡೋಕೆ ಆಗ್ತದಾ?’

ಮೊದಲು ನಕ್ಕವನು ಗೋಪಾಲಪ್ಪ. ನಕ್ಕ ಅಂದರೆ ನಕ್ಕ, ಕರಿಕಲ್ಲಿಗೆ ಒರಗಿ ಹೊಟ್ಟೆ ಹಿಡಿದುಕೊಂಡ. ಹುಲಿಯಪ್ಪ ನೆಲಕ್ಕೇ ಕೂತ. ಕುಂಕುಮ ಮೆತ್ತಿ ಗುಂಡು ದಪ್ಪವಾಗಿತ್ತು, ಅದಕ್ಕೇ ತೂತೆಲ್ಲ ಚಿಕ್ಕದು ಬಂದದ್ದು. ಕೆಂಪಿನ ಮೇಲೆ ಕೆಂಪು, ಯಾರ ಕಣ್ಣಿಗೆ ಕಾಣಬೇಕು! ವೀರಮ್ಮನವರಿಗೆ ಮಾತ್ರ ತಾವೇನು ತಪ್ಪು ಮಾಡಿದೆವು ಅಂತ ಇನ್ನೂ ಅರ್ಥವಾಗಿರಲಿಲ್ಲ. ‘ಯಾಕ್ರೋ, ಎಣ್ಣೆ ಜಾಸ್ತಿ ಆಯ್ತೇನು?’ ಅಂತ ಕೇಳಿ ಇನ್ನಷ್ಟು ನಗಿಸಿದರು.

ಅಫ್ಸರ್ ಹತ್ತಿಯನ್ನ ಪೆಟ್ರೋಲಿನಲ್ಲಿ ಅದ್ದಿದಳು. ಒರೆಸಿದಳು, ಇನ್ನೊಂದು ಹತ್ತಿ ತಗೊಂಡು ಮತ್ತೆ ಒರೆಸಿದಳು, ಹತ್ತಿ ಬೆಳ್ಳಗೆ ಬರೋ ತನಕ ಒರೆಸಿದಳು. ಹರಳು ಕೆಂಪಗೇ ಇತ್ತು! ಉಂಗುರಕ್ಕೆ ಮುಟ್ಟಿಸಿದಳು. ದೀಪ ಮಿಣುಕಿತು, ಹಳೆಯ ಅಂಕಿಯೇ ಬಂತು. ಮತ್ತೆ ಮುಟ್ಟಿಸಿದಳು, ಮತ್ತೆ ಅದೇ. ಬಿಗಿ ಅಂತ ಪಕ್ಕಕ್ಕಿಟ್ಟಿದ್ದ ಬುಷ್ಷುಗಳನ್ನ ಒಂದೊಂದಾಗಿ ನೋಡಿದಳು, ಒಂದೊಂದೂ ಸರಿ. ಅವಳಿಗೆ ನಗುವೂ ಬಂತು, ಕಣ್ಣೀರೂ ಬಂತು, ಯಾವುದನ್ನ ಮೊದಲು ಒರೆಸಿಕೊಳ್ಳಬೇಕೋ ತಿಳಿಯಲಿಲ್ಲ.

‘ಹೇಳ್ದೆನೋ ಇಲ್ವೋ, ನನ್ನ ಲೇತು ಹೋಳಿಗೆ ತಿನ್ನಲ್ಲ!’ ಅಂತ ಹುಲಿಯಪ್ಪ ಮೀಸೆ ತಿರುವಿದ. ‘ಕ್ಷಮಿಸಣ್ಣಾ’ ಅಂದಳು ಅಫ್ಸರ್. ಗೋಪಾಲಪ್ಪನಿಗೂ ಕೈ ಮುಗಿದಳು. ಅವನು ‘ಬಿಡಮ್ಮ, ಈ ಕತೆ ಬೆಂಗಳೂರಲ್ಲಿ ಹೇಳಿದ್ರೆ ನನಗೆ ವರ್ಷಕ್ಕಾಗೋಷ್ಟು ಕಾಫಿ ಸಿಗ್ತದೆ’ ಅಂದ.

ನಾಗರಾಜಪ್ಪ ಗಂಟಲು ಸರಿ ಮಾಡಿಕೊಂಡರು. ‘ನೋಡ್ರಪ್ಪಾ, ಇವತ್ತಿಂದ ಈ ಕೋಣೆ ಅಫ್ಸರ್ ಬೇಗಂದು. ಇವಳನ್ನ ಕೇಳದೆ ನಾನೂ ಒಳಗೆ ಬರಲ್ಲ. ಈಗ ಎಲ್ಲ ಹೊರಗೆ ನಡೀರಿ, ಕೆಲಸ ಐತಿ.’ ಎಲ್ಲರನ್ನೂ ಹೊರಡಿಸಿ ತಾವೂ ಹೊರಟರು.

ಅಫ್ಸರ್ ಸ್ಟೂಲಿನ ಮೇಲೆ ಕೂತು ಇನ್ನೊಂದು ಬುಷ್ಷು ಇಟ್ಟಳೋ ಇಲ್ಲವೋ, ಬಾಗಿಲ ಮೇಲೆ ಬಳೆಯ ಸದ್ದು. ವೀರಮ್ಮ ಹೊರಗೇ ನಿಂತಿದ್ದರು. ಶಿಕಾರಿಪುರದಲ್ಲಿ ಯಾವ ಮನೆಗೂ, ಯಾವ ಅಂಗಡಿಗೂ ಕೇಳಿ ಒಳಗೆ ಹೋದವರಲ್ಲ ಅವರು. ಬೆನ್ನ ಹಿಂದೆ ಖುರ್ಷೀದ್ ಬೀ.

‘ಬೇಗಮ್ಮಾ, ನೀನು ಅಳೆಯೋದನ್ನ ನಿನ್ನ ಅವ್ವ ಒಂದ್ಸಲ ನೋಡ್ಬೇಕಂತೆ. ನಾವಿಬ್ಬರೂ ಒಳಗೆ ಬರಬೌದಾ?’

ಖುರ್ಷೀದ್ ಬೀ ಒಮ್ಮೆ ವೀರಮ್ಮನ ಮುಖ ನೋಡಿದಳು, ಒಮ್ಮೆ ಮಗಳ ಮುಖ ನೋಡಿದಳು. ‘ನಿಂದೇ ಅಂತ ಒಂದು ಜಾಗ’ ಅಂತ ಅಂದಿದ್ದು ತಾನೇ.

‘ಬರ್ರಿ ಅಮ್ಮಾರೇ’ ಅಂದಳು ಅಫ್ಸರ್. ‘ಸೋಪು ಹಚ್ಚಿ ಕೈ ತೊಳ್ಕೊಂಡು ಬರ್ರಿ.’

ವೀರಮ್ಮ ನಲ್ಲಿಯ ಕಡೆ ನಡೆದರು. ಖುರ್ಷೀದ್ ಬೀ ಕುಬುಸದ ತೋಳು ಮೇಲೇರಿಸಿಕೊಂಡು ಅವರ ಹಿಂದೆಯೇ ಹೋದಳು.